ಬ್ರಿಟನ್ನಿನ ಮನೆಗಳಲ್ಲಿ ಬೂದು ಅಳಿಲಿನ ಕಾಟ: ಹೊರಗೆ ಕಳಿಸುವುದು, ಮತ್ತೆ ಬಾರದಂತೆ ತಡೆಯುವುದು

ಬೆಳಗಿನ ಜಾವ ಮಲಗುವ ಕೋಣೆಯ ಸೀಲಿಂಗ್ ಮೇಲೆ ದಡಬಡ ಓಡಾಟ. ಏನನ್ನೋ ಉರುಳಿಸಿದ ಹಾಗೆ, ಮರ ಕೆರೆದ ಹಾಗೆ ಸದ್ದು. ಆಮೇಲೆ ಮಧ್ಯಾಹ್ನದವರೆಗೆ ಎಲ್ಲ ಶಾಂತ. ಬ್ರಿಟನ್ನಿನಲ್ಲಿ ಮನೆ ಮಾಡಿರುವ ಕನ್ನಡಿಗರು ಇದನ್ನು ಕೇಳಿದ ತಕ್ಷಣ ಇಲಿ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಅದು ಇಲಿಯಲ್ಲ, ಬೂದು ಅಳಿಲು.

ಮೊದಲೇ ಮುಖ್ಯ ಮಾತು ಹೇಳಿಬಿಡುತ್ತೇನೆ. ಅಳಿಲನ್ನು ಹಿಡಿಯುವುದರಿಂದ ಕೆಲಸ ಶುರು ಮಾಡಬೇಡಿ. ಅದು ತಾನಾಗಿ ಹೊರಗೆ ಹೋಗುವಂತೆ ಮಾಡಿ, ಆಮೇಲೆ ದಾರಿ ಮುಚ್ಚಿ. ಯಾಕೆಂದರೆ ಇಲ್ಲಿನ ಕಾನೂನಿನ ಪ್ರಕಾರ ಹಿಡಿದ ಬೂದು ಅಳಿಲನ್ನು ಮತ್ತೆ ಹೊರಗೆ ಬಿಡುವ ಹಾಗಿಲ್ಲ. ಬೋನಿಗೆ ಬಿತ್ತು ಅಂದರೆ ಅದರ ಜೀವ ಹೋದ ಹಾಗೆಯೇ. ಕೊಲ್ಲುವುದು ಬೇಡ ಅನ್ನುವವರಿಗೆ ಉಳಿಯುವ ದಾರಿ ಒಂದೇ, ಮನೆಯನ್ನು ಭದ್ರ ಮಾಡುವುದು. ಕೊಲ್ಲಲು ಮನಸ್ಸಿರುವವರಿಗೂ ಕೊನೆಗೆ ಬೇಕಾಗುವುದು ಅದೇ. ಒಂದು ಅಳಿಲು ಹೋದರೆ ಅದೇ ತೂತಿನಿಂದ ಇನ್ನೊಂದು ಬರುತ್ತದೆ.

ಇದು ನಮ್ಮ ಊರಿನ ಅಳಿಲಲ್ಲ

ಬೆಂಗಳೂರು, ಮೈಸೂರಿನ ಮನೆ ಕಾಂಪೌಂಡಿನಲ್ಲಿ ಓಡಾಡುವ ಮೂರು ಪಟ್ಟೆಯ ಅಳಿಲು ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟದು. ಅದರ ತೂಕ ಹೆಚ್ಚು ಕಡಿಮೆ 100 ಗ್ರಾಂ. ಇಲ್ಲಿನ ಬೂದು ಅಳಿಲು 400ರಿಂದ 600 ಗ್ರಾಂ ತೂಗುತ್ತದೆ. ಬಾಲ ಬಿಟ್ಟು ಮೈಯೇ ಸುಮಾರು 25 ಸೆಂಟಿಮೀಟರ್. ಹಲ್ಲು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತದೆ. ಹಾಗಾಗಿ ಮರ, ಪ್ಲಾಸ್ಟಿಕ್, ಸೀಸದ ತಗಡು, ವೈರು, ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ.

ಇದು ಬ್ರಿಟನ್ನಿನ ಮೂಲ ಪ್ರಾಣಿಯೂ ಅಲ್ಲ. ಉತ್ತರ ಅಮೆರಿಕದ ಪೂರ್ವ ಭಾಗದ್ದು. 1876ರಲ್ಲಿ ಚೆಷೈರ್‌ನ ಹೆನ್‌ಬರಿ ಪಾರ್ಕಿನಲ್ಲಿ ಇದನ್ನು ತಂದು ಬಿಟ್ಟರು. ಶ್ರೀಮಂತರ ಎಸ್ಟೇಟುಗಳಿಗೆ ಅಲಂಕಾರಕ್ಕೆ ಅಂತ ತಂದದ್ದು ದೇಶವೆಲ್ಲ ಹರಡಿತು. ಈಗ ಸುಮಾರು 27 ಲಕ್ಷ ಬೂದು ಅಳಿಲುಗಳಿವೆ ಅನ್ನುವುದು ಅಂದಾಜು. ಇಲ್ಲಿನ ಮೂಲ ಕೆಂಪು ಅಳಿಲು ಮೂರು ಲಕ್ಷವೂ ಉಳಿದಿಲ್ಲ. ಬೂದು ಅಳಿಲು ಆಹಾರವನ್ನು ಕಿತ್ತುಕೊಳ್ಳುತ್ತದೆ, ಜೊತೆಗೆ ಸ್ಕ್ವಿರಲ್ ಪಾಕ್ಸ್ ಎಂಬ ವೈರಸ್ಸನ್ನೂ ಹೊತ್ತು ತಿರುಗುತ್ತದೆ. ಆ ವೈರಸ್ಸಿನಿಂದ ಬೂದು ಅಳಿಲಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಕೆಂಪು ಅಳಿಲು ಸಾಯುತ್ತದೆ. ಕಾನೂನು ಇಷ್ಟು ಬಿಗಿಯಾಗಿರುವುದು ಇದರಿಂದಲೇ.

ಹಂತ 1: ಯಾರು ಬಂದಿದ್ದಾರೆ ಅಂತ ಖಚಿತ ಮಾಡಿಕೊಳ್ಳಿ

ಸದ್ದಿನ ಹೊತ್ತು ನೋಡಿ. ಅಳಿಲು ಹಗಲಿನ ಪ್ರಾಣಿ. ಬೆಳಕು ಹರಿಯುವಾಗ ಮತ್ತು ಸಂಜೆ ಕತ್ತಲಾಗುವ ಮುಂಚೆ ಗಲಾಟೆ ಜಾಸ್ತಿ. ನಡುರಾತ್ರಿ ಕೆರೆಯುವ ಸದ್ದು ಬಂದರೆ ಇಲಿ ಇರಬಹುದು. ಚಳಿಗಾಲದಲ್ಲಿ ಇವು ದೀರ್ಘ ನಿದ್ರೆಗೆ ಹೋಗುವುದಿಲ್ಲ, ಹಾಗಾಗಿ ಡಿಸೆಂಬರಿನಲ್ಲೂ ಸದ್ದು ಕೇಳಿಸುತ್ತದೆ.

ಆಮೇಲೆ ಹೊರಗೆ ನಿಂತು ಸೂರನ್ನು ನೋಡಿ. ಬೆಳಗ್ಗೆ ಅರ್ಧ ಗಂಟೆ ತೋಟದಲ್ಲಿ ನಿಂತರೆ ಸಾಕು, ಅಳಿಲು ಯಾವ ಸಂದಿಯಿಂದ ಹೊರಗೆ ಬರುತ್ತದೆ ಅಂತ ಗೊತ್ತಾಗುತ್ತದೆ. ಹೆಂಚು ಜರುಗಿದ ಜಾಗ, ಸೂರಿನ ಕೆಳಗಿನ ಸಾಫಿಟ್ ಹಲಗೆ ಕೊಳೆತ ಮೂಲೆ, ಮಾಡಿನ ಮಳೆನೀರು ಹರಿಯುವ ಗಟರ್ ಹಿಂದಿನ ಫೇಶಿಯಾ ಹಲಗೆ, ಚಿಮಣಿಯ ಬುಡದ ಸೀಸದ ತಗಡು, ಇವನ್ನು ಬಿಡದೆ ನೋಡಿ. ಐದು ಸೆಂಟಿಮೀಟರ್ ತೂತು ಇದ್ದರೆ ಒಳಗೆ ನುಗ್ಗುತ್ತದೆ. ಚಿಕ್ಕದಿದ್ದರೆ ಕಡಿದು ದೊಡ್ಡದು ಮಾಡಿಕೊಳ್ಳುತ್ತದೆ. ಹೊಸದಾಗಿ ಕಡಿದ ಮರ ತಿಳಿ ಬಣ್ಣ ಇರುತ್ತದೆ, ಹಳೆಯ ತೂತಿನ ಅಂಚು ಮಾಸಿರುತ್ತದೆ.

ಲಾಫ್ಟ್, ಅಂದರೆ ಸೀಲಿಂಗಿಗೂ ಮಾಡಿಗೂ ನಡುವಿನ ಅಟ್ಟ, ಹತ್ತುವ ಮುಂಚೆ ಮೂರು ಎಚ್ಚರಿಕೆ. ಜಂತೆಗಳ ಮೇಲೆ ಮಾತ್ರ ಕಾಲಿಡಿ. ನಡುವೆ ಇರುವುದು ಬರೀ ಪ್ಲಾಸ್ಟರ್‌ಬೋರ್ಡ್, ಕಾಲಿಟ್ಟರೆ ಕೆಳಗಿನ ಕೋಣೆಗೆ ಬೀಳುತ್ತೀರಿ. ಕೈಗವಸು ಮತ್ತು ಸಣ್ಣ ಧೂಳನ್ನೂ ತಡೆಯುವ ಎಫ್‌ಎಫ್‌ಪಿ3 ಮಾಸ್ಕ್ ಹಾಕಿಕೊಳ್ಳಿ. ಮನೆ 2000ಕ್ಕಿಂತ ಮುಂಚೆ ಕಟ್ಟಿದ್ದಾದರೆ ಸಾಫಿಟ್ ಹಲಗೆಯಲ್ಲಿ, ಹಳೆಯ ನೀರಿನ ಟ್ಯಾಂಕಿನಲ್ಲಿ, ಕೆಲವು ಬಗೆಯ ಹಳೆಯ ಇನ್ಸುಲೇಷನ್ನಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಅನುಮಾನ ಬಂದರೆ ಮುಟ್ಟಬೇಡಿ, ಕೊರೆಯಬೇಡಿ, ಪರೀಕ್ಷೆ ಮಾಡಿಸಿ.

ಒಳಗೆ ಏನು ಹುಡುಕಬೇಕು? ಇನ್ಸುಲೇಷನ್ ಹರಿದು, ಎಲೆ ಕಡ್ಡಿ ಸೇರಿಸಿ ಕಟ್ಟಿದ ದುಂಡನೆಯ ಗೂಡು. ಕಾಯಿಗಳ ಸಿಪ್ಪೆ. ಕಡಿದ ಜಂತೆ. ಎಲ್ಲಕ್ಕಿಂತ ಮುಖ್ಯವಾಗಿ ಎರಡು ಜಾಗ. ಮೊದಲನೆಯದು ಕರೆಂಟ್ ವೈರುಗಳು. ಮೇಲಿನ ಪ್ಲಾಸ್ಟಿಕ್ ಕಿತ್ತು ತಾಮ್ರ ಕಾಣುತ್ತಿದ್ದರೆ ಬೆಂಕಿಯ ಅಪಾಯ ಇದೆ. ಆ ಸರ್ಕ್ಯೂಟನ್ನು ಕೂಡಲೇ ಆಫ್ ಮಾಡಿ, ನೋಂದಾಯಿತ ಎಲೆಕ್ಟ್ರಿಷಿಯನ್ನನ್ನು ಕರೆಸಿ. ಅಳಿಲು ಹೋದ ಮೇಲೆ ನೋಡೋಣ ಅಂತ ಇದನ್ನು ಮುಂದೂಡಬೇಡಿ. ಎರಡನೆಯದು ನೀರಿನ ಟ್ಯಾಂಕ್. ಮುಚ್ಚಳ ಇಲ್ಲದ ಟ್ಯಾಂಕಿನಲ್ಲಿ ಅಳಿಲು ಬಿದ್ದು ಸಾಯುವುದುಂಟು. ಆ ನೀರು ನಿಮ್ಮ ಬಚ್ಚಲಿನ ನಲ್ಲಿಗೆ ಬರುತ್ತದೆ.

ಹಂತ 2: ಬಾವಲಿ, ಹಕ್ಕಿ ಇಲ್ಲ ಅಂತ ನೋಡಿ

ಇದನ್ನು ಬಿಟ್ಟು ಮುಂದೆ ಹೋಗುವವರೇ ಜಾಸ್ತಿ. ಬ್ರಿಟನ್ನಿನಲ್ಲಿ ಎಲ್ಲ ಜಾತಿಯ ಬಾವಲಿಗಳಿಗೂ ಕಾನೂನಿನ ರಕ್ಷಣೆ ಇದೆ. ಅವು ವಾಸ ಮಾಡುವ ಜಾಗವನ್ನು ಮುಚ್ಚಿದರೂ ಅಪರಾಧ, ಆ ಹೊತ್ತಿನಲ್ಲಿ ಬಾವಲಿ ಅಲ್ಲಿ ಇಲ್ಲದಿದ್ದರೂ ಅಪರಾಧವೇ. ಪರೀಕ್ಷೆ ಸುಲಭ. ಲಾಫ್ಟಿನಲ್ಲಿ ಅಕ್ಕಿ ಕಾಳಿನಷ್ಟು ಸಣ್ಣ ಕಪ್ಪು ಹಿಕ್ಕೆ ಕಂಡರೆ ಕೈಗವಸು ಹಾಕಿ ಪೇಪರಿನಲ್ಲಿ ಹಿಡಿದು ಒತ್ತಿ. ಬಾವಲಿಯದಾದರೆ ಪುಡಿಪುಡಿಯಾಗುತ್ತದೆ, ಇಲಿಯದಾದರೆ ಗಟ್ಟಿ ಇರುತ್ತದೆ. ಪುಡಿಯಾದರೆ ಕೆಲಸ ನಿಲ್ಲಿಸಿ, ಬ್ಯಾಟ್ ಕನ್ಸರ್ವೇಷನ್ ಟ್ರಸ್ಟ್ ನಡೆಸುವ ಸಹಾಯವಾಣಿಗೆ ಫೋನ್ ಮಾಡಿ ಸಲಹೆ ಕೇಳಿ.

ಸೂರಿನಲ್ಲಿ ಗುಬ್ಬಿಯೋ ಬಾನಾಡಿಯೋ (ಸ್ವಿಫ್ಟ್) ಗೂಡು ಕಟ್ಟಿದ್ದರೆ, ಮರಿ ಹಾರಿಹೋಗುವವರೆಗೆ ಆ ಗೂಡನ್ನು ಮುಟ್ಟುವಂತಿಲ್ಲ. ಸಾಮಾನ್ಯವಾಗಿ ಮಾರ್ಚಿಯಿಂದ ಆಗಸ್ಟ್‌ವರೆಗೆ ಈ ಕಾಲ.

ಹಂತ 3: ಮರಿಗಳ ಲೆಕ್ಕ ಹಾಕಿ

ಇಡೀ ಕೆಲಸದಲ್ಲಿ ತಾಳ್ಮೆ ಬೇಕಾಗುವುದು ಇಲ್ಲಿ. ಬೂದು ಅಳಿಲು ವರ್ಷಕ್ಕೆ ಎರಡು ಸಲ ಮರಿ ಹಾಕಬಹುದು. ಮೊದಲನೆಯ ಸಲ ಫೆಬ್ರವರಿ, ಮಾರ್ಚಿಯಲ್ಲಿ. ಎರಡನೆಯ ಸಲ ಜೂನ್, ಜುಲೈನಲ್ಲಿ. ಒಂದು ಸಲಕ್ಕೆ ಸಾಮಾನ್ಯವಾಗಿ ಮೂರು ನಾಲ್ಕು ಮರಿ. ಹುಟ್ಟಿದಾಗ ಮೈಮೇಲೆ ಕೂದಲಿಲ್ಲ, ಕಣ್ಣು ತೆರೆದಿರುವುದಿಲ್ಲ. ಹಾಲು ಬಿಡುವ ಹೊತ್ತಿಗೆ ಹತ್ತು ವಾರ ಆಗುತ್ತದೆ.

ಮರಿಗಳಿರುವಾಗ ತೂತು ಮುಚ್ಚಿದರೆ ಏನಾಗುತ್ತದೆ ಗೊತ್ತಾ? ಹೊರಗೆ ಉಳಿದ ತಾಯಿ ಹುಚ್ಚು ಹಿಡಿದಂತೆ ಹೆಂಚು, ಹಲಗೆ ಎಲ್ಲ ಕಿತ್ತು ಒಳಗೆ ನುಗ್ಗಲು ನೋಡುತ್ತದೆ. ನುಗ್ಗಲಾಗದಿದ್ದರೆ ಮರಿಗಳು ಹಸಿವಿನಿಂದ ಸಾಯುತ್ತವೆ. ಆ ಕ್ರೌರ್ಯ ಬೇಡ. ಮನೆಗೂ ಒಳ್ಳೆಯದಲ್ಲ, ವಾಸನೆ ವಾರಗಟ್ಟಲೆ ಹೋಗುವುದಿಲ್ಲ. ಮೇಲಾಗಿ ಕೂಡಿಹಾಕಿ ನರಳಿಸುವುದು ಕಾನೂನಿನ ಕಣ್ಣಿನಲ್ಲೂ ತಪ್ಪು.

ಹಾಗಾದರೆ ಯಾವಾಗ? ನನ್ನ ಸಲಹೆ ಅಕ್ಟೋಬರ್, ನವೆಂಬರ್. ಎರಡನೆಯ ಸಲದ ಮರಿಗಳು ದೊಡ್ಡವಾಗಿರುತ್ತವೆ. ಹಕ್ಕಿಗಳ ಗೂಡಿನ ಕಾಲ ಮುಗಿದಿರುತ್ತದೆ. ಚಳಿಗಾಲದ ಮರಿಗಳಿಗಾಗಿ ಹೆಣ್ಣು ಅಳಿಲು ಇನ್ನೂ ಜಾಗ ಹಿಡಿದಿರುವುದಿಲ್ಲ. ಮಾರ್ಚಿಯಲ್ಲಿ ಸದ್ದು ಕೇಳಿ, ಗೂಡಿನಲ್ಲಿ ಮರಿ ಕಂಡರೆ, ವೈರು ಸರಿಪಡಿಸಿ, ಟ್ಯಾಂಕ್ ಮುಚ್ಚಿ, ಮೇ ಕೊನೆಯವರೆಗೆ ಕಾಯಿರಿ. ಕಷ್ಟ ನಿಜ. ಆದರೆ ಎರಡು ಮೂರು ತಿಂಗಳ ಸದ್ದು ಸಹಿಸಿದರೆ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ.

ತೋಟದಲ್ಲಿ ಮರಿ ಬಿದ್ದಿರುವುದು ಕಂಡರೆ ಸುಮ್ನೆ ಮನೆಯೊಳಗೆ ತರಬೇಡಿ. ತಾಯಿ ಬಂದು ಬಾಯಲ್ಲಿ ಕಚ್ಚಿಕೊಂಡು ಇನ್ನೊಂದು ಗೂಡಿಗೆ ಒಯ್ಯುತ್ತದೆ. ಬೆಕ್ಕು ನಾಯಿಯನ್ನು ಒಳಗೆ ಕಟ್ಟಿ, ದೂರದಿಂದ ಗಮನಿಸಿ. ಸಾಕುವುದಕ್ಕೂ ಅನುಮತಿ ಇಲ್ಲ.

ಹಂತ 4: ಹೊರಗೆ ಹೋಗುವಂತೆ ಮಾಡಿ

ಮರಿ ಇಲ್ಲ, ಬಾವಲಿ ಇಲ್ಲ ಅಂತ ಖಚಿತವಾದ ಮೇಲೆ ಮೊದಲು ಮುಖ್ಯ ದಾರಿ ಒಂದನ್ನು ಬಿಟ್ಟು ಉಳಿದ ಎಲ್ಲ ಸಂದಿಗಳನ್ನೂ ಮುಚ್ಚಿ. ಆ ಒಂದು ದಾರಿಗೆ ಒಮ್ಮುಖ ಬಾಗಿಲು ಹಾಕಿ. ಇದು ಹಗುರವಾದ ರೆಪ್ಪೆ ಇರುವ ತಂತಿಯ ಕೊಳವೆ. ಒಳಗಿನಿಂದ ತಳ್ಳಿದರೆ ತೆರೆಯುತ್ತದೆ, ಹೊರಗಿನಿಂದ ತೆರೆಯುವುದಿಲ್ಲ. ಅಳಿಲು ಮೇವಿಗೆ ಹೊರಗೆ ಹೋಗಲೇಬೇಕು. ಹೋದದ್ದು ವಾಪಸ್ ಬರಲಾರದು.

ಬಾಗಿಲು ಹಾಕುವಷ್ಟು ಸೌಕರ್ಯ ಇಲ್ಲದಿದ್ದರೆ ಇನ್ನೊಂದು ಉಪಾಯ ಇದೆ. ಲಾಫ್ಟಿನಲ್ಲಿ ಒಂದೆರಡು ದಿನ ದೀಪ ಹಾಕಿ, ರೇಡಿಯೋ ಜೋರಾಗಿ ಇಡಿ. ಕತ್ತಲು, ಮೌನ ಹುಡುಕಿ ಬಂದ ಪ್ರಾಣಿಗೆ ಅದು ಸರಿಹೋಗುವುದಿಲ್ಲ. ಪಕ್ಕದ ಮನೆಗೆ ಗೋಡೆ ಅಂಟಿಕೊಂಡ ಸೆಮಿ ಅಥವಾ ಟೆರೇಸ್ (ಸಾಲು) ಮನೆಯಾದರೆ ಪಕ್ಕದವರಿಗೆ ಮೊದಲೇ ಹೇಳಿ. ಅಲ್ಟ್ರಾಸೋನಿಕ್ ಯಂತ್ರಗಳಿಗೆ ದುಡ್ಡು ಹಾಕಬೇಡಿ ಅನ್ನುವುದು ನನ್ನ ಅಭಿಪ್ರಾಯ. ಸ್ವಲ್ಪ ದಿನದಲ್ಲಿ ಅಳಿಲಿಗೆ ರೂಢಿಯಾಗಿಬಿಡುತ್ತದೆ.

ಖಾಲಿಯಾಯಿತಾ ಅಂತ ತಿಳಿಯಲು ಸುಲಭ ವಿಧಾನ: ಉಳಿದ ತೂತಿಗೆ ನ್ಯೂಸ್‌ಪೇಪರ್ ಉಂಡೆ ಮಾಡಿ ಸಡಿಲವಾಗಿ ತುರುಕಿ. ಒಳಗೆ ಅಳಿಲು ಇದ್ದರೆ ಕಿತ್ತು ಎಸೆಯುತ್ತದೆ. ಮೂರು ದಿನ ಪೇಪರ್ ಅಲುಗಾಡದೆ ಇದ್ದರೆ ಖಾಲಿ ಅಂತ ಅರ್ಥ. ವಿಪರೀತ ಚಳಿ, ಮಳೆ ಇದ್ದರೆ ಅಳಿಲು ಹೊರಗೆ ಬಾರದೆ ಕೂರಬಹುದು. ಆಗ ಇನ್ನೂ ಕೆಲವು ದಿನ ಕಾಯಿರಿ.

ಹಂತ 5: ದಾರಿ ಮುಚ್ಚುವುದು

ಎಲ್ಲಕ್ಕಿಂತ ಹೆಚ್ಚು ಶ್ರದ್ಧೆ ಬೇಡುವ ಕೆಲಸ ಇದು. ಸ್ಪ್ರೇ ಫೋಮ್, ಸಿಲಿಕಾನ್, ಪ್ಲಾಸ್ಟಿಕ್ ಜಾಲರಿ ಯಾವುದೂ ಅಳಿಲಿನ ಹಲ್ಲಿಗೆ ತಡೆಯಲ್ಲ. ಬೇಕಾದದ್ದು ಸತು ಲೇಪಿಸಿದ ವೆಲ್ಡ್ ಮೆಶ್. ಕಣ್ಣು ಹೆಚ್ಚೆಂದರೆ 25 ಮಿಲಿಮೀಟರ್, 12 ಇದ್ದರೆ ಇನ್ನೂ ಒಳ್ಳೆಯದು, ದೊಡ್ಡ ಇಲಿಗೂ ತಡೆ. ತಂತಿ 16 ಗೇಜ್, ಅಂದರೆ ಸುಮಾರು 1.6 ಮಿಲಿಮೀಟರ್ ದಪ್ಪ ಇರಲಿ. ಕೋಳಿ ಗೂಡಿಗೆ ಹಾಕುವ ತೆಳ್ಳನೆಯ ಷಟ್ಕೋನದ ತಂತಿ ಬಲೆ ಸಾಲದು.

ಮೆಶ್ಶನ್ನು ತೂತಿಗಿಂತ ಎಲ್ಲ ಕಡೆಯೂ ಐದಾರು ಸೆಂಟಿಮೀಟರ್ ದೊಡ್ಡದಾಗಿ ಕತ್ತರಿಸಿ. ಗಟ್ಟಿ ಮರಕ್ಕೆ ಸ್ಕ್ರೂ, ವಾಷರ್ ಹಾಕಿ ಬಿಗಿಯಿರಿ. ಸ್ಟೇಪಲ್ ಪಿನ್ನು ಅಳಿಲು ಕೀಳುತ್ತದೆ. ಸುತ್ತಲಿನ ಹಲಗೆ ಕೊಳೆತಿದ್ದರೆ ಮೊದಲು ಹಲಗೆ ಬದಲಿಸಿ. ಕೊಳೆತ ಹಲಗೆಗೆ ಬಿಗಿದ ಮೆಶ್ ಹಲಗೆ ಸಮೇತ ಬಿದ್ದುಹೋಗುತ್ತದೆ.

ಉತ್ಸಾಹದಲ್ಲಿ ಎಲ್ಲವನ್ನೂ ಹಲಗೆಯಿಂದ ಮುಚ್ಚಬೇಡಿ. ಲಾಫ್ಟಿಗೆ ಗಾಳಿ ಆಡಬೇಕು. ಇಲ್ಲದಿದ್ದರೆ ತೇವ ಕಟ್ಟಿ, ಬೂಷ್ಟು ಹಿಡಿದು ಜಂತೆ ಕೊಳೆಯುತ್ತದೆ. ಗಾಳಿ ಕಿಂಡಿಗಳಿಗೆ ಮೆಶ್ ಮಾತ್ರ ಹಾಕಿ. ಬಾಯ್ಲರ್‌ನ ಹೊಗೆ ಕೊಳವೆಯನ್ನು ಯಾವ ಕಾರಣಕ್ಕೂ ಮುಚ್ಚಬಾರದು. ಅದರಿಂದ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬಿ ಪ್ರಾಣ ಹೋಗಬಹುದು. ಗ್ಯಾಸಿನ ಒಲೆ ಸೇರಿದ ಚಿಮಣಿಗೆ ಕೌಲ್ (ಚಿಮಣಿಯ ತುದಿಯ ಮುಚ್ಚಳ) ಹಾಕಿಸಬೇಕಾದರೆ ಗ್ಯಾಸ್ ಕೆಲಸಗಾರರ ಪಟ್ಟಿಯಾದ ಗ್ಯಾಸ್ ಸೇಫ್‌ನಲ್ಲಿ ನೋಂದಣಿ ಇರುವವರನ್ನೇ ಕೇಳಿ.

ಎರಡನೆಯ ಮಹಡಿಯ ಸೂರಿಗೆ ಏಣಿ ಹಾಕಿ ಸ್ವತಃ ಹತ್ತುವ ಸಾಹಸ ಬೇಡ. ಮಾಡು ರಿಪೇರಿ ಮಾಡುವ ರೂಫರ್‌ಗೆ ಕೊಡುವ ದುಡ್ಡು ಆಸ್ಪತ್ರೆ ಓಡಾಟಕ್ಕಿಂತ ಕಡಿಮೆ ಕಷ್ಟದ್ದು. ಟೆರೇಸ್ ಮನೆಗಳಲ್ಲಿ ಇನ್ನೊಂದು ವಿಷಯ ಇದೆ. ಹಳೆಯ ಸಾಲುಮನೆಗಳಲ್ಲಿ ಲಾಫ್ಟುಗಳ ನಡುವಿನ ಗೋಡೆ ಪೂರ್ತಿ ಇರುವುದಿಲ್ಲ, ಅಥವಾ ಇಟ್ಟಿಗೆ ಉದುರಿ ಕಿಂಡಿ ಬಿದ್ದಿರುತ್ತದೆ. ನಿಮ್ಮ ಸೂರು ಭದ್ರವಾಗಿದ್ದರೂ ಮೂರನೆಯ ಮನೆಯಿಂದ ಅಳಿಲು ಒಳಗೊಳಗೇ ನಡೆದು ಬರುತ್ತದೆ. ಅಕ್ಕಪಕ್ಕದವರ ಜೊತೆ ಮಾತಾಡಿ, ಒಟ್ಟಿಗೆ ಕೆಲಸ ಮಾಡಿಸಿದರೆ ಮಾತ್ರ ಪ್ರಯೋಜನ.

ಕೊನೆಗೆ ಮರ. ಮಾಡಿಗೆ ಚಾಚಿದ ಕೊಂಬೆಗಳನ್ನು ಎರಡೂವರೆ ಮೀಟರ್‌ನಷ್ಟು ದೂರಕ್ಕೆ ಸವರಿಸಿ. ಅದಕ್ಕೂ ಮುಂಚೆ ಆ ಮರಕ್ಕೆ ಕೌನ್ಸಿಲ್ಲಿನ (ಸ್ಥಳೀಯ ಆಡಳಿತದ) ರಕ್ಷಣಾ ಆದೇಶ ಇದೆಯಾ ಅಂತ ಕೇಳಿ. ಇದ್ದರೆ ಅನುಮತಿ ಇಲ್ಲದೆ ಕೊಂಬೆ ಕಡಿಯುವಂತಿಲ್ಲ. ಅಳಿಲು ಗೋಡೆ, ಪೈಪು ಹಿಡಿದೂ ಹತ್ತುತ್ತದೆ ನಿಜ, ಆದರೆ ಸುಲಭದ ದಾರಿ ತಪ್ಪಿಸಿದಂತಾಗುತ್ತದೆ.

ಹಂತ 6: ಶುಚಿ ಮಾಡುವುದು

ಒಣ ಹಿಕ್ಕೆಯನ್ನು ಗುಡಿಸಬೇಡಿ, ಧೂಳು ಮೂಗಿಗೆ ಹೋಗುತ್ತದೆ. ಮೊದಲು ಸೋಂಕು ನಿವಾರಕ ಸಿಂಪಡಿಸಿ ಒದ್ದೆ ಮಾಡಿ, ಆಮೇಲೆ ಎತ್ತಿ ಎರಡು ಚೀಲದಲ್ಲಿ ಕಟ್ಟಿ. ಮೂತ್ರದಿಂದ ಒದ್ದೆಯಾದ ಇನ್ಸುಲೇಷನ್ ತೆಗೆದು ಹೊಸದು ಹಾಕಿಸಿ. ಮಿನರಲ್ ವುಲ್ ಆದರೆ 270 ಮಿಲಿಮೀಟರ್ ದಪ್ಪ ಇರಬೇಕು ಅನ್ನುವುದು ಇಲ್ಲಿನ ಶಿಫಾರಸು. ಅಳಿಲು ಕಚ್ಚಿದರೆ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು, ಟೆಟನಸ್ ಬಗ್ಗೆ ಆರೋಗ್ಯ ಸಹಾಯವಾಣಿ 111ಕ್ಕೆ ಫೋನ್ ಮಾಡಿ ಕೇಳಿ.

ಬೋನು, ವಿಷ: ಕಾನೂನು ಏನು ಹೇಳುತ್ತದೆ

ಅಕ್ಕಪಕ್ಕದವರು, ಪರಿಚಯದವರು ಒಂದೊಂದು ಉಪಾಯ ಹೇಳುತ್ತಾರೆ. ಬೋನಿನಲ್ಲಿ ಹಿಡಿದು ದೂರದ ಪಾರ್ಕಿಗೆ ಬಿಟ್ಟು ಬನ್ನಿ ಅನ್ನುತ್ತಾರೆ. ಅದು ಅಪರಾಧ. 1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯ್ದೆ ಇದನ್ನು ನಿಷೇಧಿಸಿದೆ. ಹೊರಗಿನಿಂದ ಬಂದು ಹರಡುವ ಆಕ್ರಮಣಕಾರಿ ಜೀವಿಗಳ ಮೇಲಿನ 2019ರ ಆದೇಶ ಇನ್ನೂ ಬಿಗಿ ಮಾಡಿತು. ಗಾಯಗೊಂಡ ಅಳಿಲನ್ನು ವಾಸಿ ಮಾಡಿ ಬಿಡುವ ಅವಕಾಶವೂ ಇಂಗ್ಲೆಂಡಿನಲ್ಲಿ ಅಲ್ಲಿಗೆ ಮುಗಿಯಿತು.

ವಿಷ ಇಡುವುದಂತೂ ಬೇಡವೇ ಬೇಡ. ಮುಂಚೆ ವಾರ್ಫರಿನ್ ಎಂಬ ವಿಷಕ್ಕೆ ಅನುಮತಿ ಇತ್ತು. 2015ರಲ್ಲಿ ಅದೂ ಹೋಯಿತು. ಈಗ ಬೂದು ಅಳಿಲಿಗೆ ಅನುಮತಿ ಇರುವ ವಿಷ ಯಾವುದೂ ಇಲ್ಲ. ಇಲಿ ಪಾಷಾಣ ಇಟ್ಟರೆ ಕಾನೂನು ಮುರಿದಂತೆ, ಜೊತೆಗೆ ವಿಷ ಉಂಡ ಪ್ರಾಣಿಯನ್ನು ತಿಂದ ಗೂಬೆ, ನರಿ, ನೆರೆಮನೆಯ ಬೆಕ್ಕಿಗೂ ಆಪತ್ತು. ಬೋನಿನಲ್ಲಿ ಬಿದ್ದದ್ದನ್ನು ನೀರಿನಲ್ಲಿ ಮುಳುಗಿಸುವುದೂ ಅಪರಾಧ, 2006ರ ಪ್ರಾಣಿ ಕಲ್ಯಾಣ ಕಾಯ್ದೆಯ ಪ್ರಕಾರ ಶಿಕ್ಷೆ ಆಗಬಹುದು.

ಬೋನು ಇಡಲೇಬೇಕಾದ ಪರಿಸ್ಥಿತಿ ಬಂದರೆ ಅನುಭವ ಇರುವ ಪೆಸ್ಟ್ ಕಂಟ್ರೋಲ್‌ನವರಿಗೆ ವಹಿಸಿ. ಬ್ರಿಟಿಷ್ ಪೆಸ್ಟ್ ಕಂಟ್ರೋಲ್ ಅಸೋಸಿಯೇಷನ್ನಿನ ಸದಸ್ಯರಾ ಅಂತ ಕೇಳಿ. ಕೆಲವು ಕೌನ್ಸಿಲ್ಲುಗಳೇ ಈ ಸೇವೆ ಕೊಡುತ್ತವೆ. ಬೋನನ್ನು ದಿನಕ್ಕೆ ಒಮ್ಮೆಯಾದರೂ ನೋಡಲೇಬೇಕು. ಸಿಕ್ಕಿದ್ದನ್ನು ನೋವಾಗದಂತೆ ಕೊಲ್ಲಬೇಕು. ಹೊರಗಿನ ದಾರಿ ಮುಚ್ಚುವ ಕೆಲಸವೂ ಸೇರಿದೆಯಾ ಅಂತ ಮೊದಲೇ ವಿಚಾರಿಸಿ. ಬರೀ ಬೋನಿಟ್ಟು ಹೋಗುವವರನ್ನು ನಾನಾದರೆ ಕರೆಸುವುದಿಲ್ಲ.

ಸ್ಕಾಟ್ಲೆಂಡ್, ಕಂಬ್ರಿಯಾ, ನಾರ್ಥಂಬರ್ಲೆಂಡ್, ಆಂಗ್ಲಸೀ, ಐಲ್ ಆಫ್ ವೈಟ್ ಕಡೆ ಇರುವವರು ಇನ್ನೂ ಹುಷಾರಾಗಿರಿ. ಅಲ್ಲಿ ಕೆಂಪು ಅಳಿಲುಗಳಿವೆ, ಅವುಗಳಿಗೆ ಪೂರ್ತಿ ರಕ್ಷಣೆ ಇದೆ. ಬೇಸಿಗೆಯಲ್ಲಿ ಬೂದು ಅಳಿಲಿನ ಮೈಮೇಲೂ ಕೆಂಚು ಬಣ್ಣ ಕಾಣುತ್ತದೆ. ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಬೂದು ಅಳಿಲಿನ ಬಾಲದ ಅಂಚಿಗೆ ಬಿಳಿ ಗೆರೆ ಇರುತ್ತದೆ, ಕೆಂಪಿನದಕ್ಕೆ ಇರುವುದಿಲ್ಲ. ಕೆಂಪು ಅಳಿಲು ಮೈಯಲ್ಲೂ ಚಿಕ್ಕದು.

ತೋಟ ಮತ್ತು ಕಾಳು

ಅಳಿಲನ್ನು ಮನೆಯ ಹತ್ತಿರ ಕರೆಯುವುದು ಊಟ. ಹಕ್ಕಿಗಳಿಗೆ ಅಂತ ನಮ್ಮವರು ಹಿತ್ತಲಿನಲ್ಲಿ ಉಳಿದ ಅನ್ನ, ಚಪಾತಿ ಚೂರು, ಕಡಲೆಕಾಯಿ ಹಾಕುತ್ತಾರೆ. ಮನಸ್ಸು ಒಳ್ಳೆಯದೇ. ಆದರೆ ನೆಲದ ಮೇಲೆ ಬಿದ್ದ ಅನ್ನ ಇಲ್ಲಿ ಅಳಿಲಿಗೂ ಇಲಿಗೂ ಕರೆಯೋಲೆ. ಹಕ್ಕಿಗೆ ಕೊಡಬೇಕು ಅನ್ನಿಸಿದರೆ ಪಂಜರ ಸುತ್ತಿದ ಫೀಡರ್ ತನ್ನಿ. ಚಿಕ್ಕ ಹಕ್ಕಿ ಒಳಗೆ ಹೋಗುತ್ತದೆ, ಅಳಿಲು ಹೋಗಲಾರದು. ಕಂಬಕ್ಕೆ ತೂಗುಹಾಕುವುದಾದರೆ ನಯವಾದ ಲೋಹದ ಕಂಬ ಇರಲಿ, ನಡುವೆ ಶಂಕುವಿನ ಆಕಾರದ ತಡೆ ಹಾಕಿ. ಬೇಲಿ, ಮರ, ಷೆಡ್ಡಿನಿಂದ ಮೂರು ಮೀಟರ್ ದೂರ ಇಡಿ. ಕಾಳಿಗೆ ಮೆಣಸಿನಪುಡಿ ಬೆರೆಸುವವರಿದ್ದಾರೆ. ಹಕ್ಕಿಗಳಿಗೆ ಖಾರ ತಿಳಿಯುವುದಿಲ್ಲ, ಅಳಿಲಿಗೆ ತಿಳಿಯುತ್ತದೆ. ಆದರೆ ಗಾಳಿಗೆ ಪುಡಿ ಕಣ್ಣಿಗೆ ಹಾರಿದರೆ ಪ್ರಾಣಿಗೂ ಉರಿ, ನಿಮ್ಮ ಮಕ್ಕಳಿಗೂ ಉರಿ. ಫೀಡರ್ ಬದಲಿಸುವುದೇ ಮೇಲು.

ಟ್ಯೂಲಿಪ್, ಕ್ರೋಕಸ್ ಗೆಡ್ಡೆಗಳೆಂದರೆ ಇವಕ್ಕೆ ಪ್ರಾಣ. ಆಳವಾಗಿ ನೆಟ್ಟು, ಮಣ್ಣಿನ ಮೇಲೆ ಮೆಶ್ ಹಾಸಿ, ಚಿಗುರು ಕಂಡ ಮೇಲೆ ತೆಗೆಯಿರಿ. ಡ್ಯಾಫೋಡಿಲ್ ಮತ್ತು ಈರುಳ್ಳಿ ಜಾತಿಯ ಅಲಿಯಂ ಹೂಗಳನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಕುಂಡದಲ್ಲಿ ಕೊತ್ತಂಬರಿ, ಮೆಂತ್ಯ ಹಾಕಿದರೆ ಮಣ್ಣು ಕೆದರಿ ಕಾಯಿ ಹೂಳುತ್ತವೆ. ಮೊಳಕೆ ಬೆಳೆಯುವವರೆಗೆ ಮೇಲೆ ತಂತಿ ಮುಚ್ಚಿದರೆ ಸಾಕು.

ಬಾಡಿಗೆ ಮನೆ, ಇನ್ಷೂರೆನ್ಸ್

ಬಾಡಿಗೆ ಮನೆಯಾದರೆ ಸದ್ದು ಕೇಳಿದ ದಿನವೇ ಮಾಲೀಕರಿಗೆ ಅಥವಾ ಏಜೆಂಟಿಗೆ ಇಮೇಲ್ ಮಾಡಿ. ಫೋನ್ ಮಾತು ಸಾಲದು, ಬರಹದಲ್ಲಿರಲಿ. ತೂತಿನ, ಕಡಿದ ವೈರಿನ ಫೋಟೋ ಕಳಿಸಿ. ಮಾಡು, ಸೂರು, ವೈರಿಂಗ್ ದುರಸ್ತಿ ಸಾಮಾನ್ಯವಾಗಿ ಮಾಲೀಕರ ಹೊಣೆ. ಉತ್ತರ ಬಾರದಿದ್ದರೆ ಕೌನ್ಸಿಲ್ಲಿನ ಪರಿಸರ ಆರೋಗ್ಯ ವಿಭಾಗಕ್ಕೆ ದೂರು ಕೊಡಬಹುದು.

ಸ್ವಂತ ಮನೆಯಾದರೆ ಇನ್ಷೂರೆನ್ಸ್ ಪಾಲಿಸಿ ತೆಗೆದು ಓದಿ. ಎಷ್ಟೋ ಪಾಲಿಸಿಗಳಲ್ಲಿ ಉಪದ್ರವ ಪ್ರಾಣಿಗಳು ಕಡಿದ ಹಾನಿ ಸೇರಿರುವುದಿಲ್ಲ. ಅಳಿಲು ವೈರು ಕಡಿದು ಹತ್ತಿದ ಬೆಂಕಿಯನ್ನು ಬೇರೆಯಾಗಿ ನೋಡುವ ಪಾಲಿಸಿಗಳಿವೆ. ಅನುಮಾನ ಇದ್ದರೆ ಕಂಪನಿಯನ್ನು ಇಮೇಲಿನಲ್ಲಿ ಕೇಳಿ, ಉತ್ತರ ಇಟ್ಟುಕೊಳ್ಳಿ.

ಮುಚ್ಚಿದ ಮೇಲೆ ಮೊದಲ ವಾರ ದಿನಾ ಬೆಳಗ್ಗೆ ಹೊರಗಿನಿಂದ ಸೂರು ನೋಡಿ. ಹೊರಹೋದ ಅಳಿಲು ಹಳೆಯ ತೂತಿಗೆ ಬಂದು ಪ್ರಯತ್ನ ಮಾಡುತ್ತದೆ. ಆಮೇಲೆ ವರ್ಷಕ್ಕೆ ಒಮ್ಮೆ, ಸೆಪ್ಟೆಂಬರ್ ಕೊನೆಯಲ್ಲಿ ಗಟರ್ ಶುಚಿ ಮಾಡಿಸುವಾಗ ಮೆಶ್ಶಿನ ಸ್ಕ್ರೂಗಳು ಬಿಗಿಯಾಗಿವೆಯಾ, ಹೆಂಚು ಜರುಗಿದೆಯಾ ಅಂತ ಅವರಿಂದಲೇ ಫೋಟೋ ತೆಗೆಸಿಕೊಳ್ಳಿ. ಬಿರುಗಾಳಿ ಬೀಸಿ ಹೋದ ಮೇಲೂ ಒಮ್ಮೆ ಸೂರಿನ ಕಡೆ ಕಣ್ಣು ಹಾಯಿಸಿ.